ಪುಟಿದದ್ದೆಲ್ಲ ಕ್ರ್ಯಾನ್‌ಬೆರಿ

ಕ್ರ್ಯಾನ್‌ಬೆರಿ ಎಂಬ ಹುಳಿ ಕೆಂಪು ಹಣ್ಣಿನಿಂದ ಮನುಷ್ಯರಿಗೆ ಯಾವ ಹಾನಿಯೂ ಇಲ್ಲವೆಂದು ಅಮೆರಿಕದ ವಿಸ್ಕಾನ್ಸಿನ್ನಿನ ಲಿಟಲ್ ಹೆರನ್ ಪಟ್ಟಣದ ಬೆಳೆಗಾರರ ಸಂಘವು ಸರ್ವಾನುಮತದಿಂದ ತೀರ್ಮಾನಿಸಿದೆ. ಅದರ ರಸ ಉರಿಮೂತ್ರವನ್ನು ತಡೆಯುತ್ತದೆ ಎಂಬುದೂ ಅದೇ ಸಭೆಯಲ್ಲಿ ಅಂಗೀಕಾರವಾಯಿತು. ಯಾರಿಗಾದರೂ ತಡೆಯದಿದ್ದಲ್ಲಿ ಅವರು ಕುಡಿದದ್ದು ಸಾಲದು ಎಂದು ತಿಳಿಯತಕ್ಕದ್ದು. ಲಾಭಗಳನ್ನು ಧ್ವನಿವರ್ಧಕದಲ್ಲಿ ಸಾರಬೇಕು. ಅಪಾಯಗಳೇನಾದರೂ ಇದ್ದರೆ ಕಚೇರಿ ವೇಳೆಯಲ್ಲಿ ಬಂದು ಕಿವಿಯಲ್ಲಿ ಹೇಳಬಹುದು.

ಇಂಥ ಊರಿನಲ್ಲಿ ಲೆಲ್ಯಾಂಡ್ ಸ್ಕೊಗ್ಲುಂಡ್ ಅಜ್ಜನ ಎದೆಬಡಿತ ತಾಳ ತಪ್ಪಿತು. ಎದೆಮಟ್ಟದ ರಬ್ಬರ್ ಉಡುಪು ತೊಟ್ಟು, ನೀರಲ್ಲಿ ತೇಲುವ ಹಣ್ಣನ್ನು ದಡಕ್ಕೆ ಅಟ್ಟುತ್ತ ಆಯುಸ್ಸು ಸವೆಸಿದವನು ಅವನು. ಈಗ ಊರಿನ ಹಿರಿಯ ಕೊಯ್ಲುಗಾರ. ಪ್ರತಿ ಅಕ್ಟೋಬರಿನ ಕೊಯ್ಲು ಹಬ್ಬದಲ್ಲಿ ಎಲ್ಲರೆದುರು ನಿಂತು ಅವನು ಮೊದಲ ಲೋಟ ರಸ ಕುಡಿದ ಮೇಲೆಯೇ ಹಣ್ಣು ತೇಲಲೆಂದು ಪಾತಿಗಳಿಗೆ ನೀರು ಬಿಡುವುದು, ಕೊಯ್ಲು ಶುರುವಾಗುವುದು. ಬದುಕಿನಲ್ಲಿ ಅವನಿಗೆ ಸಿಕ್ಕ ಮರ್ಯಾದೆ ಅದೊಂದೇ. ಅದರ ಮೇಲೆ ಅವನಿಗೆ ಪ್ರಾಣ.

ಔಷಧಿ ಅಂಗಡಿಯ ಪಾ ಹೌವಾ ವಾಂಗ್ ಮಾತ್ರೆಯ ಡಬ್ಬಿ ಕೈಗಿಟ್ಟು ಹೇಳಿದಳು: "ಇದು ರಕ್ತ ತೆಳ್ಳಗಿಡೋ ಮಾತ್ರೆ ಯಜಮಾನ್ರೇ. ಇದ್ರ ಜೊತೆ ಕ್ರ್ಯಾನ್‌ಬೆರಿ ರಸ ಬೇಡ. ಎರಡೂ ಸೇರಿದ್ರೆ ಸಣ್ಣ ಗಾಯ ಆದ್ರೂ ರಕ್ತ ನಿಲ್ಲದೇ ಹೋಗಬಹುದು."

"ಹಬ್ಬದ ದಿನ ಒಂದ್ ಲೋಟಾನೂ ಬೇಡ್ವಾ?"

"ನಿಮ್ಮ ಲೋಟ ನಾನೂ ನೋಡಿದೀನಿ. ಅದು ಬಕೆಟ್ಟು."

ಈ ಮಾತನ್ನು ರಸದ ಬಾಟಲಿಯ ಮೇಲೆ ಅಚ್ಚು ಹಾಕಿಸಿ ಎಂದು ಆಕೆ ಸಂಘಕ್ಕೆ ವರ್ಷ ವರ್ಷವೂ ಅರ್ಜಿ ಕೊಟ್ಟಿದ್ದಳು. ಸಂಘವು ವರ್ಷ ವರ್ಷವೂ ಅವಳಿಗೆ ಒಂದು ಬಾಟಲಿ ರಸ ಕಳಿಸಿ ಕೃತಜ್ಞತೆ ತಿಳಿಸಿತ್ತು.

ಮನೆಯಲ್ಲಿ ಹೆಂಡತಿ ಆರ್ಡಿಸ್ ಮೀನು ಕರಿಯುತ್ತಿದ್ದಳು. "ಕುಡೀಬೇಡ ಅಂದ್ರೆ ಕುಡೀಬೇಡ," ಅಂದಳು.

"ಊರಿನ ಮರ್ಯಾದೆ ಕಣೇ."

"ಊರಿನ ಮರ್ಯಾದೆಗೆ ನಿನ್ನ ರಕ್ತಾನೇ ಆಗ್ಬೇಕಾ? ಆ ಗೋರ್ಡಿ ಮೈಯಲ್ಲಿ ಬೇಕಾದಷ್ಟಿದೆ. ನಡಿ, ಕೇಳ್ಕೊಂಡು ಬರೋಣ."

ಗೋರ್ಡಿ ಕ್ರೂಗರ್ ಸಂಘದ ಅಧ್ಯಕ್ಷ. ಕೇಳಿ ಕನಿಕರಪಟ್ಟ. "ನೀನು ಕುಡಿಯಲ್ಲ ಅಂದ್ರೆ ಅಪಾಯ ಇದೆ ಅಂತಾಯ್ತು. ಅಪಾಯ ಇಲ್ಲ ಅಂತ ನಿರ್ಣಯ ಆಗಿದೆ. ಆದ್ದರಿಂದ ನಿನಗೆ ಅಪಾಯ ಇಲ್ಲ. ಕುಡಿ."

"ರಕ್ತ ನಿಲ್ಲದಿದ್ರೆ?"

"ಅರ್ಜಿ ಕೊಡು, ಪರಿಶೀಲಿಸೋಣ."

ಅಜ್ಜನಿಗೆ ರೇಗಿತು. ಸಾಯುವ ಭಯ ಒಂದು ಕಡೆ, ಲೋಟ ಬೇರೆಯವರ ಕೈಗೆ ಹೋಗುವ ಸಂಕಟ ಇನ್ನೊಂದು ಕಡೆ. ಜೇಬಿನಲ್ಲಿದ್ದ ಮಾತ್ರೆ ಡಬ್ಬಿಯನ್ನು ತೆಗೆದು ಗೋರ್ಡಿಯ ಮೇಜಿನ ಮೇಲೆ ಕುಕ್ಕಿದ. ಮುಚ್ಚಳ ಹಾರಿ, ಒಂದು ಗುಲಾಬಿ ಮಾತ್ರೆ ಪಕ್ಕದಲ್ಲಿದ್ದ ಹಳೆಯ ಪುಟಿಹಲಗೆಯ ಪೆಟ್ಟಿಗೆಯೊಳಗೆ ಬಿತ್ತು. ಹಣ್ಣು ಆರಿಸುವುದು ಅದರಲ್ಲೇ. ಮೇಲಿನಿಂದ ಬಿಟ್ಟಾಗ ಗಟ್ಟಿ ಹಣ್ಣು ಪುಟಿದು ಅಡ್ಡಹಲಗೆ ದಾಟುತ್ತದೆ, ಕೊಳೆತದ್ದು ಅಲ್ಲೇ ಕೂರುತ್ತದೆ. ಮಾತ್ರೆ ಟಣ್ಣನೆ ಪುಟಿದು ಆಚೆ ಬಿತ್ತು.

ಗೋರ್ಡಿ ಕಪಾಟಿನತ್ತ ಹೋದ. ನಿಯಮಾವಳಿ ತೆಗೆದು, ಕನ್ನಡಕ ಏರಿಸಿ ಓದಿದ: "ಹಲಗೆಯನ್ನು ಪುಟಿದು ದಾಟಿದ್ದೆಲ್ಲವನ್ನೂ ಉತ್ತಮ ದರ್ಜೆಯ ಕ್ರ್ಯಾನ್‌ಬೆರಿಯೆಂದು ಪರಿಗಣಿಸತಕ್ಕದ್ದು." ಅವನ ಮುಖ ಅರಳಿತು. "ಲೆಲ್ಯಾಂಡ್, ನೀನು ದಿನಾ ಕ್ರ್ಯಾನ್‌ಬೆರಿ ತಿಂತಾ ಇದೀಯ ಮಾರಾಯ! ಮೊದಲೇ ಹೇಳಬಾರದಿತ್ತಾ?"

ಹಬ್ಬದ ದಿನ ಅಜ್ಜ ಎಲ್ಲರೆದುರು ನಿಂತು ನೀರಿನೊಂದಿಗೆ ಒಂದು ಮಾತ್ರೆ ನುಂಗಿದ. ಧ್ವನಿವರ್ಧಕ ಸಾರಿತು: "ಹಿರಿಯರು ಕಿರು ಕ್ರ್ಯಾನ್‌ಬೆರಿಯನ್ನು ಸ್ವೀಕರಿಸಿರುತ್ತಾರೆ. ಕೊಯ್ಲು ಆರಂಭವಾಗಲಿ." ಜನ ಚಪ್ಪಾಳೆ ತಟ್ಟಿದರು. ಅಜ್ಜ ಅತ್ತುಬಿಟ್ಟ, ಆರ್ಡಿಸ್ ಅವನ ತೋಳು ಚಿವುಟಿದಳು. ಬಾಟಲಿಗಳ ಮೇಲೆ ದಪ್ಪ ಅಕ್ಷರದಲ್ಲಿ ಹೊಸ ಸಾಲು ಬಂತು: 'ರಕ್ತ ತೆಳುವಾಗಿಸುವ ಕಿರು ಕ್ರ್ಯಾನ್‌ಬೆರಿ ಸೇವಿಸುವವರು ಈ ರಸವನ್ನು ಕುಡಿಯಕೂಡದು, ಒಬ್ಬರಿಗೆ ಎರಡು ಪಾಲು ಸಲ್ಲದು.'

ವಾಂಗ್ ಅದನ್ನು ಎರಡು ಸಲ ಓದಿ, ಅಂಗಡಿಯ ಬಾಗಿಲು ಹಾಕಿಕೊಂಡು ಮನಸಾರೆ ನಕ್ಕಳು. ಮರುದಿನ ಗೋರ್ಡಿ ನೋಟೀಸಿನೊಂದಿಗೆ ಬಂದ. ಕ್ರ್ಯಾನ್‌ಬೆರಿ ಇರುವ ಸ್ಥಳವೆಲ್ಲ ಪಾತಿ. ಪಾತಿಗೆ ಸಂಘದ ವಂತಿಗೆ ಉಂಟು. ಮತ್ತು ಪಾತಿಯನ್ನು ಕೊಯ್ಲಿನ ಕಾಲದಲ್ಲಿ ನೀರಿನಿಂದ ತುಂಬಿಸತಕ್ಕದ್ದು.

"ನನ್ನ ಅಂಗಡೀನಾ?"

"ನಿಯಮ ಕಣಮ್ಮ. ಬೇಡ ಅಂದ್ರೆ ಮಾತ್ರೆ ಕ್ರ್ಯಾನ್‌ಬೆರಿ ಅಲ್ಲ ಅಂತಾಯ್ತು. ಬಾಟಲಿ ಮೇಲಿನ ಸಾಲು ತೆಗೀಬೇಕಾಗುತ್ತೆ."

ವಾಂಗ್ ಬಾಟಲಿ ಎತ್ತಿ ಆ ಸಾಲನ್ನು ಮತ್ತೊಮ್ಮೆ ಓದಿದಳು. "ಎಷ್ಟು ನೀರು?"

"ಮೊಣಕಾಲುದ್ದ."

"ಮಾತ್ರೆ ಎಲ್ಲಾ ಮೇಲಿನ ಅಟ್ಟಕ್ಕೆ ಹಾಕ್ತೀನಿ. ಬಿಡಿ ನೀರು."

ಅಂದಿನಿಂದ ಲಿಟಲ್ ಹೆರನ್ನಿನಲ್ಲಿ ಅಕ್ಟೋಬರಿನಲ್ಲಿ ಔಷಧಿಗೆ ಹೋಗುವವರು ರಬ್ಬರ್ ಬೂಟು ಹಾಕಿಕೊಂಡು ಹೋಗುತ್ತಾರೆ. ಮೊನ್ನೆಯೂ ಲೆಲ್ಯಾಂಡ್ ಅಜ್ಜ ತನ್ನ ಹಳೆಯ ಉಡುಪು ತೊಟ್ಟು, ಹಾಲಿನಷ್ಟು ಬಿಳಿಯ ದೀಪದ ಕೆಳಗೆ, ತೇಲಿ ಬಂದ ಕೆಮ್ಮಿನ ಔಷಧದ ಸೀಸೆಗಳನ್ನು ಹಳೆಯ ಅಭ್ಯಾಸದಿಂದ ಒಂದು ಮೂಲೆಗೆ ಅಟ್ಟುತ್ತ ಗಲ್ಲಾದ ಬಳಿ ಬಂದ.

"ನೀರು ಈ ವರ್ಷ ಜಾಸ್ತಿ ತಣ್ಣಗಿದೆ," ಅಂದ.

"ಹೌದು ಯಜಮಾನ್ರೇ," ಎಂದು ವಾಂಗ್ ಡಬ್ಬಿ ಕೊಟ್ಟಳು. "ಬೆಳೆಗೆ ಒಳ್ಳೇದು."