ಕರೆಂಟು ತಂತಿಯ ಫೋನು

ಹೇಳಿದ್ದನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುವ ಗಂಡಂದಿರ ಬಗ್ಗೆ ಹೆಂಗಸರು ದೂರುವುದುಂಟು. ನನ್ನ ಹೆಂಡತಿ ಗುರವ್ವನ ಸಂಕಟ ಬೇರೆ. ನಾನು ಅವಳು ಹೇಳಿದ್ದನ್ನೆಲ್ಲ ಕೇಳುತ್ತೇನೆ, ಕೇಳಿದ್ದನ್ನು ಅಕ್ಷರ ಬಿಡದೆ ಅವಳಿಗೇ ತಿರುಗಿ ಹೇಳುತ್ತೇನೆ. "ಅರ್ಧಾ ಕಿಲೋ ಉಳ್ಳಾಗಡ್ಡಿ, ಒಂದ ಕಟ್ಟು ರಾಜಗಿರಿ" ಎಂದು ಅವಳು ಅಂದರೆ, "ಅರ್ಧಾ ಕಿಲೋ ಉಳ್ಳಾಗಡ್ಡಿ, ಒಂದ ಕಟ್ಟು ರಾಜಗಿರಿ" ಎಂದು ನಾನೂ ಅಂದು, ಚೀಲ ಹಿಡಿದುಕೊಂಡು ಅಲ್ಲೇ ನಿಲ್ಲುತ್ತೇನೆ. ಸರಿಯಿದೆಯೆಂದು ಅವಳು "ಬರೋಬ್ಬರಿ" ಅನ್ನಬೇಕು, ಆಗಲೇ ನನ್ನ ಕಾಲು ಕೀಳುವುದು. ಹಟ ಮಾಡುವ ಕೂಸಿನ ಕೈಗೆ ಬೆಲ್ಲದ ಚೂರು ಕೊಟ್ಟಂತೆ ಅವಳು ಆ ಮಾತನ್ನು ಕೊಡುತ್ತಾಳೆ. ಇದನ್ನೆಲ್ಲ ನಗೆಯ ಮಾತು ಅಂದುಕೊಂಡೇ ಇಷ್ಟು ವರ್ಷ ಬದುಕಿದೆವು. ಹೋದ ತಿಂಗಳು ಈ ಚಟ ನಮ್ಮ ಮನೆಯೊಳಗೇ ಒಂದು ಅನಾಹುತ ಮಾಡಿತು.

ಚಟ ಅಂಟಿದ್ದು ನೌಕರಿಯಲ್ಲಿ. ನಾನು ಬಾದಾಮಿಯ ವಿದ್ಯುತ್ ಉಪಕೇಂದ್ರದಲ್ಲಿ ಆಪರೇಟರ್ ಆಗಿದ್ದೆ. ಆಗ ದೇಶದಲ್ಲಿ ಮಾತು ಸಾಗಿಸುವ ಹಕ್ಕು ಸರಕಾರದ ದೂರವಾಣಿ ಇಲಾಖೆ ಒಂದಕ್ಕೇ ಇತ್ತು. ಮನೆಗೆ ಫೋನು ಬೇಕೆಂದು ಅರ್ಜಿ ಹಾಕಿದವನು ಅದನ್ನು ಮರೆತು, ಮಕ್ಕಳ ಮದುವೆ ಮುಗಿಸಿ, ಪೆನ್ಶನ್ ತೆಗೆದುಕೊಳ್ಳುವ ಹೊತ್ತಿಗೆ ಫೋನು ಬಂದರೆ ಅವನ ಪುಣ್ಯ. ಆದರೆ ನಮ್ಮ ಕರೆಂಟಿನವರಿಗೆ ನಮ್ಮದೇ ಫೋನಿತ್ತು. ಬೇರೆ ತಂತಿಯಿಲ್ಲ, ಬೇರೆ ಕಂಬವಿಲ್ಲ. ಊರಿಂದೂರಿಗೆ ಕರೆಂಟು ಹೋಗುವ ದೊಡ್ಡ ತಂತಿಯ ಮೇಲೆಯೇ ನಮ್ಮ ಮಾತೂ ಹೋಗುತ್ತಿತ್ತು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್, ಹೀಗೆ ಉಪಕೇಂದ್ರದಿಂದ ಉಪಕೇಂದ್ರಕ್ಕೆ. ಇಲಾಖೆಯ ಕೆಲಸಕ್ಕೆ ಮಾತ್ರ ಎಂಬ ಕಟ್ಟಪ್ಪಣೆಯ ಮೇಲೆ ಸರಕಾರ ಅದಕ್ಕೆ ಪರವಾನಗಿ ಕೊಟ್ಟಿತ್ತು. ಹೊರಗಿನ ಯಾವ ಫೋನಿಗೂ ಅದು ಕೂಡುತ್ತಿರಲಿಲ್ಲ. ಊರೆಲ್ಲ ಮೂಕವಾಗಿದ್ದಾಗ ನಾವು ಮಾತ್ರ ಬಾಯುಳ್ಳವರಾಗಿದ್ದೆವು, ಆ ಜಂಬ ನನಗೆ ಇಂದಿಗೂ ಪೂರ್ತಿ ಇಳಿದಿಲ್ಲ.

ಆ ಫೋನಿನಲ್ಲಿ ಮಾತಿಗಿಂತ ಸದ್ದೇ ಹೆಚ್ಚು, ಶೇಂಗಾ ಹುರಿಯುವ ಬಾಣಲೆಯಲ್ಲಿ ಕಿವಿ ಇಟ್ಟಂತೆ. ಲೈನಿನ ಮೇಲೆ ರಿಪೇರಿಗೆ ಹತ್ತಿದವನ ಜೀವ ಮಾತ್ರ ಅದೇ ಫೋನಿನ ಮೇಲಿತ್ತು. ಗುಡೂರಿನ ಹತ್ತಿರ ಒಬ್ಬ ಲೈನ್‌ಮನ್ ಕಂಬದ ಮೇಲಿದ್ದಾನೆ, ಇಲ್ಲಿ ನಾನು ಅರೆಬರೆ ಕೇಳಿಸಿಕೊಂಡು ಸ್ವಿಚ್ಚು ಹಾಕಿದೆ ಅಂದರೆ, ಅವನು ಕೆಳಗೆ ಬರುವುದು ಹೆಣವಾಗಿ. ಅದಕ್ಕೇ ನಮ್ಮಲ್ಲಿ ಒಂದು ರೂಢಿ. ಆ ಕಡೆಯವನು ಹೇಳಿದ್ದನ್ನು ಈ ಕಡೆಯವನು ಒಂದು ಶಬ್ದ ಬಿಡದೆ, ಒಂದು ಶಬ್ದ ಸೇರಿಸದೆ, ಗಟ್ಟಿಯಾಗಿ ತಿರುಗಿ ಹೇಳಬೇಕು. ಆ ಕಡೆಯವನು "ಬರೋಬ್ಬರಿ" ಅನ್ನಬೇಕು. ಅನ್ನುವವರೆಗೆ ಮಾತು ಮುಟ್ಟಿಲ್ಲವೆಂದೇ ಲೆಕ್ಕ.

ಇದನ್ನು ನನಗೆ ಕಲಿಸಿದವನು ಇಳಕಲ್ಲಿನ ಆಪರೇಟರ್ ಈರಣ್ಣ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಒಮ್ಮೆ "ಹೂಂ, ತಿಳೀತು" ಅಂದುಬಿಟ್ಟೆ. "ನಿನಗ ತಿಳಿದದ್ದು ಯಾರಿಗೆ ಬೇಕಲೇ? ನಾ ಅಂದದ್ದು ತಿರುಗಿ ಅನ್ನು. ಕಂಬದ ಮ್ಯಾಲಿದ್ದಾಂವ ನಿನ್ನ ತಿಳುವಳಿಕಿ ನಂಬಿ ಹತ್ತಿಲ್ಲ" ಎಂದು ಬೈದ. ಮುಖ ನೋಡದ ಮನುಷ್ಯನಿಂದ ಬೈಸಿಕೊಂಡು ಮುಖ ನೋಡದೆಯೇ ಅವನ ಗೆಳೆಯನಾದೆ. ಒಂದು ದಿನ ಲೈನಿನ ಕೆಲಸ ಮುಗಿದ ಮೇಲೆ ಅವನು ಫೋನು ಇಡಲಿಲ್ಲ. "ನನಗೊಬ್ಬಾಕಿ ತಂಗಿ ಅದಾಳ. ನೋಡಾಕ ಬರ್ತೀಯೇನು?" ಅಂದ. ಖಾಸಗಿ ಮಾತು ಕಟ್ಟುನಿಟ್ಟಾಗಿ ನಿಷಿದ್ಧ, ಆದರೆ ರೂಢಿ ರೂಢಿಯೇ. "ನನಗೊಬ್ಬಾಕಿ ತಂಗಿ ಅದಾಳ. ನೋಡಾಕ ಬರ್ತೀಯೇನು?" ಎಂದು ನಾನು ತಿರುಗಿ ಹೇಳಿದೆ. "ಬರೋಬ್ಬರಿ. ಈಗ ಉತ್ತರಾ ಹೇಳು" ಅಂದ. ನಾನು ಬಾಯಿ ತೆರೆಯುವಷ್ಟರಲ್ಲಿ, ಅದೇ ಲೈನಿನಲ್ಲಿ ನಡುವೆ ಕೇಳುತ್ತ ಕುಳಿತಿದ್ದ ಹುನಗುಂದದ ಆಪರೇಟರ್ "ಹೂಂ ಅನ್ನು, ಅದರಾಗೇನು ವಿಚಾರ ಮಾಡ್ತಿ?" ಅಂದ. ಹೀಗೆ ಸರಕಾರದ ಕಟ್ಟಪ್ಪಣೆ ಮೀರಿ ಗುರವ್ವ ನನ್ನ ಮನೆಗೆ ಬಂದಳು.

ಆಮೇಲೆ ಎಲ್ಲರ ಕಿಸೆಗೂ ಫೋನು ಬಂತು. ನಮ್ಮ ಕರಿ ಫೋನನ್ನು ಯಾರೂ ಎತ್ತದಂತಾಗಿ, ಒಂದು ದಿನ ಅದನ್ನು ಗುಜರಿಯ ಸಾಮಾನಿನ ಜೊತೆ ಸಾಗಿಸಿದರು. ನಾನೂ ನಿವೃತ್ತನಾಗಿ ಬಾಗಲಕೋಟೆಯಲ್ಲಿ ಮನೆ ಮಾಡಿದೆ. ಮೊಬೈಲಿನಲ್ಲಿ ಸದ್ದಿಲ್ಲದಿದ್ದರೂ ನಾನು ಮಾತ್ರ ಅದೇ ಗಂಟಲಿನಲ್ಲಿ ಕೂಗುತ್ತೇನೆ. "ನಮ್ಮನಿ ಸುದ್ದಿ ಓಣಿ ಮಂದಿಗೆ ಮೊದಲ ಗೊತ್ತಾಗತೈತಿ, ಆಮ್ಯಾಲೆ ನನಗ" ಎಂದು ಗುರವ್ವ ಅನ್ನುತ್ತಿದ್ದಳು.

ಈರಣ್ಣ ಇಳಕಲ್ಲಿನ ತನ್ನ ಮನೆಯಲ್ಲಿ ಹಾಸಿಗೆ ಹಿಡಿದು ಬಹಳ ದಿನವಾಗಿತ್ತು. ಅನ್ನ ಬಿಟ್ಟಿದ್ದಾನೆ, ದಾಳಿಂಬೆ ಕಾಳು ಮಾತ್ರ ಬಾಯಲ್ಲಿ ಹಾಕಿಕೊಳ್ಳುತ್ತಾನೆ ಎಂದು ಕೇಳಿ, ಗುರವ್ವ ಕಲಾದಗಿಯಿಂದ ಹಣ್ಣು ತರಿಸಿದ್ದಳು. ಅಣ್ಣನಿಗೆ ಒಮ್ಮೆ ತನ್ನ ಕೈಯಿಂದ ತಿನ್ನಿಸಬೇಕು, ಅಷ್ಟೇ ಅವಳ ಆಸೆ. ಆವತ್ತು ಮುಂಜಾನೆ ಹೊರಡುವವರಿದ್ದೆವು. ಅವಳು ಕೆಳಗೆ ಕುಳಿತು ಕಾಳು ಬಿಡಿಸಿ ಡಬ್ಬಿ ತುಂಬುತ್ತಿದ್ದಳು. ನನ್ನ ಫೋನು ಬಡಿದುಕೊಂಡಿತು. ಈರಣ್ಣನ ಮಗ.

"ಮಾವ, ಅಪ್ಪ ಹೋದ್ರು. ಅತ್ತೆಗೆ ಈಗ ಹೇಳಬ್ಯಾಡ್ರಿ, ದಾರ್ಯಾಗ ತಡಕೊಳ್ಳಂಗಿಲ್ಲ. ಸ್ವಲ್ಪ ಜಾಸ್ತಿ ಆಗೇತಿ ಅಂತ ಹೇಳಿ ಕರಕೊಂಡು ಬರ್ರಿ" ಅಂದ.

ನಮ್ಮ ಕಡೆ ಹೀಗೆಯೇ. ಸಾವಿನ ಸುದ್ದಿಯನ್ನು ಅಂಗಳ ಮುಟ್ಟುವವರೆಗೆ ಮುಚ್ಚಿಟ್ಟುಕೊಂಡು ಹೋಗುತ್ತೇವೆ. ಹುಡುಗ ಹೇಳಿದ್ದು ಸರಿಯಾಗಿತ್ತು. ನನ್ನ ಬುದ್ಧಿ ಎಲ್ಲಿತ್ತೋ ಏನೋ, ಬಾಯಿ ಮಾತ್ರ ತನ್ನ ನೌಕರಿ ಮಾಡಿತು. ಓಣಿಗೆಲ್ಲ ಕೇಳುವಂತೆ, ಒಂದು ಶಬ್ದ ಬಿಡದೆ ಅಂದೆ: "ಮಾವ, ಅಪ್ಪ ಹೋದ್ರು. ಅತ್ತೆಗೆ ಈಗ ಹೇಳಬ್ಯಾಡ್ರಿ, ದಾರ್ಯಾಗ ತಡಕೊಳ್ಳಂಗಿಲ್ಲ. ಸ್ವಲ್ಪ ಜಾಸ್ತಿ ಆಗೇತಿ ಅಂತ ಹೇಳಿ ಕರಕೊಂಡು ಬರ್ರಿ."

ಅಂದು, ಕಾಯುತ್ತ ನಿಂತೆ. ಆ ಕಡೆ ಹುಡುಗ ಸುಮ್ಮನಾಗಿಬಿಟ್ಟ. ಅವನಿಗೆ ನಮ್ಮ ರೂಢಿ ಎಲ್ಲಿ ಗೊತ್ತು. ಈ ಕಡೆ ಗುರವ್ವನ ಕೈ ಡಬ್ಬಿಯ ಮೇಲೆ ನಿಂತಿತು. ನಾನು ಏನು ಮಾಡಿದೆ ಎಂಬುದು ಅವಳ ಮುಖ ನೋಡಿದ ಮೇಲೆಯೇ ನನಗೆ ತಿಳಿದದ್ದು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವಳು ಅಳಲಿಲ್ಲ, ಬೈಯಲೂ ಇಲ್ಲ. ಆಪರೇಟರನ ತಂಗಿ, ಆಪರೇಟರನ ಹೆಂಡತಿ.

"ಬರೋಬ್ಬರಿ" ಅಂದಳು. ಡಬ್ಬಿಯ ಮುಚ್ಚಳ ಹಾಕಿದಳು. "ನಡೀರಿ ಹೋಗೂಣು."

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳು ಡಬ್ಬಿಯನ್ನು ತೊಡೆಯ ಮೇಲೆ ಹಿಡಿದೇ ಕುಳಿತಿದ್ದಳು. ಅದನ್ನು ಯಾಕೆ ತಂದಳೆಂದು ನಾನು ಕೇಳಲಿಲ್ಲ. ಕಿಟಕಿಯಾಚೆ ದೊಡ್ಡ ಕಂಬಗಳು ಜೊತೆಗೇ ಬರುತ್ತಿದ್ದವು. ಹುನಗುಂದ ದಾಟಿದ ಮೇಲೆ ಒಮ್ಮೆ ಮಾತ್ರ ಅವಳು ಅಂದಳು, "ಭಾಳ ಚಲೋ ಮಾಡಿದ್ರಿ. ಇಲ್ಲಾಂದ್ರ ದಾರಿ ತುಂಬ ದೇವರಿಗೆ ಹರಕಿ ಹೊರ್ತಿದ್ನಿ." ಅದು ಸಮಾಧಾನದ ಮಾತೋ ಚುಚ್ಚಿದ್ದೋ ನನಗೆ ಇಂದಿಗೂ ಗೊತ್ತಿಲ್ಲ, ಕೇಳುವ ಧೈರ್ಯವೂ ಇಲ್ಲ.

ಇಳಕಲ್ಲಿನಲ್ಲಿ ಈರಣ್ಣನನ್ನು ಪಡಸಾಲೆಯ ಗೋಡೆಗೆ ಒರಗಿಸಿ, ವಿಭೂತಿ ಹಚ್ಚಿ ಕೂಡಿಸಿದ್ದರು. ಕತ್ತು ತುಸು ಎಡಕ್ಕೆ ವಾಲಿತ್ತು, ಫೋನನ್ನು ಭುಜಕ್ಕೆ ಒತ್ತಿ ಕೇಳುತ್ತಿರುವವರ ಹಾಗೆ. ಗುರವ್ವ ಡಬ್ಬಿ ತೆರೆದು ಅವನ ಮುಂದಿಟ್ಟಳು, ಆಮೇಲೆ ಅತ್ತಳು. ನಾನು ಅವನ ಕಿವಿಯ ಹತ್ತಿರ ಬಗ್ಗಿ, "ಬಂದೇನಿ, ಈರಣ್ಣ" ಅಂದೆ. ಅಂದು ಹಾಗೆಯೇ ಬಗ್ಗಿಕೊಂಡಿದ್ದೆ. ಎಷ್ಟು ಹೊತ್ತೋ ಏನೋ, ಹಿಂದಿನಿಂದ ಗುರವ್ವ ಅಂಗಿ ಜಗ್ಗಿದಳು.

"ಏಳ್ರಿ. ಆಂವ ಇನ್ನ ತಿರುಗಿ ಹೇಳಂಗಿಲ್ಲ" ಅಂದಳು.

"ಆಂವ ಇನ್ನ ತಿರುಗಿ ಹೇಳಂಗಿಲ್ಲ" ಅಂದೆ ನಾನು. ಅಂದು, ಅವಳ ಬಾಯಿಯನ್ನೇ ನೋಡುತ್ತ ನಿಂತೆ. ಅವಳು ಏನೂ ಅನ್ನಲಿಲ್ಲ.