ಮಾವನವರ ಕಲ್ಯಾಣಿಗೊಂದು ಆಧಾರ

ಹಿದುಕಿದ ಬೇಳೆ ಸಾರು ತಿನ್ನುವವರಿಗೆ ಹಬ್ಬ, ಹಿದುಕುವವರಿಗೆ ಬೆರಳು ನೋವು. ಆ ದಿನವೂ ನೆನೆಸಿದ ಅವರೆಕಾಳಿನ ಮುಂದೆ ಕೂತು, ಒಂದೊಂದನ್ನೇ ಹಿದುಕಿ ಬೇಳೆಯನ್ನು ಪಾತ್ರೆಗೆ ಹಾರಿಸುತ್ತಿದ್ದೆ. ಒಳಗಿನಿಂದ ಮಗಳು ವಿದ್ಯಾ ಕೂಗಿದಳು: "ಅಮ್ಮಾ, ನೀನು ಬರೆದಿದ್ದನ್ನ ಯಾರೋ ತೆಗೆದುಹಾಕಿದ್ದಾರೆ! ತಾತನ ಹೆಸರೂ ಹೋಯ್ತು!" ಕೈಯಲ್ಲಿದ್ದ ಬೇಳೆ ಸಿಪ್ಪೆಯ ರಾಶಿಗೆ ಬಿತ್ತು. ಪಕ್ಕದಲ್ಲೇ ಅತ್ತೆ ಕೂತಿದ್ದರು. ಅವರಿಗೆ ಕಣ್ಣು ಮಂಜಾಗಿದೆ, ಕಿವಿ ಮಾತ್ರ ಚುರುಕು. ಕಷ್ಟವಿರುವುದೇ ಅಲ್ಲಿ.

ತಪ್ಪು ನನ್ನದೇ. ಮಾಲೂರಿನ ನಮ್ಮ ಮನೆಗೆ ಕಂಪ್ಯೂಟರು ಬಂದು ವರ್ಷವಾಗಿತ್ತು; ದೂಳು ಒರೆಸಿ, ಆಯುಧಪೂಜೆಗೆ ಕುಂಕುಮ ಇಟ್ಟಿದ್ದು ಬಿಟ್ಟರೆ ನಾನು ಅದನ್ನು ಮುಟ್ಟಿದವಳಲ್ಲ. ಅಂತರ್ಜಾಲದಲ್ಲಿ ಕನ್ನಡದ್ದೇ ಒಂದು ವಿಶ್ವಕೋಶ ಇದೆ, ಯಾರು ಬೇಕಾದರೂ ಬರೆಯಬಹುದು ಎಂದು ವಿದ್ಯಾ ಹೇಳಿದಳು. "ಯಾರು ಬೇಕಾದರೂ ಅಂದ್ರೆ ನಾನೂನಾ?" ಎಂದೆ. ಆ ಮಾತು ಬಾಯಿಂದ ಬರಬಾರದಿತ್ತು. ಮಾಸ್ತಿ ಕಡೆಯ ನಮ್ಮೂರಿನಲ್ಲಿ ಒಂದು ಕಲ್ಯಾಣಿ ಇದೆ. ಕುಸಿದುಹೋಗಿದ್ದ ಅದರ ಮೆಟ್ಟಿಲುಗಳನ್ನು ಹಿಂದೆ ಕಟ್ಟಿಸಿದವರು ನಮ್ಮ ಮಾವನವರು. ಅವರು ತೀರಿಕೊಂಡು ಬಹಳ ವರ್ಷವಾಯಿತು. ಅತ್ತೆ ಪಟ್ಟು ಹಿಡಿದರು: "ನನ್ನ ಕಣ್ಣು ಪೂರ್ತಿ ಹೋಗೋದ್ರೊಳಗೆ ಅವರ ಹೆಸರು ಅದರಲ್ಲಿ ನೋಡ್ಬೇಕು ಕಣೇ."

ಮೂರು ಮಧ್ಯಾಹ್ನ ಒಂದೇ ಬೆರಳಲ್ಲಿ ಕುಟ್ಟಿದೆ. ಮೇಲೆ 'ಶ್ರೀ' ಹಾಕಿ ಶುರುಮಾಡಿ, ಕೊನೆಗೆ 'ಎಲ್ಲರಿಗೂ ಒಳ್ಳೆಯದಾಗಲಿ' ಎಂದು ಮುಗಿಸಿದೆ. ಕರೆಂಟು ಎರಡೇ ಸಲ ಹೋಯಿತು, ಅದು ದೇವರ ದಯೆ. ಈಗ ನೋಡಿದರೆ ಅಷ್ಟೂ ಮಾಯ. ಕೆಳಗೆ ಯಾರೋ ಬರೆದಿದ್ದರು: "ಸ್ವಾಗತ. ಮೆಟ್ಟಿಲು ಕಟ್ಟಿಸಿದವರ ಬಗ್ಗೆ ಆಧಾರ ಕೊಡಿ." ಯಾರೋ ಕಾಲೇಜು ಹುಡುಗನಿರಬೇಕೆಂದು ಕಾಗದ ಬರೆಯುವ ರೀತಿಯಲ್ಲೇ ಉತ್ತರಿಸಿದೆ: "ಚಿರಂಜೀವಿಗೆ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ. ಆಧಾರ ಎಂದರೆ ನಮ್ಮತ್ತೆ, ಪಕ್ಕದಲ್ಲೇ ಇದ್ದಾರೆ." ಮಾರನೇ ದಿನ ಜವಾಬು ಬಂತು: "ನಮಸ್ಕಾರ ತಾಯಿ. ನನಗೆ ಎಪ್ಪತ್ತೊಂದು ವರ್ಷ. ಅತ್ತೆಯವರಿಗೆ ನಮಸ್ಕಾರ ತಿಳಿಸಿ. ಆದರೆ ಅವರು ಆಧಾರವಾಗುವುದಿಲ್ಲ. ಪುಸ್ತಕವೋ ಕಲ್ಲಿನ ಬರಹವೋ ಇದ್ದರೆ ತಿಳಿಸಿ."

ಅತ್ತೆಗೆ ರೇಗಿತು. "ನಾನು ಆಧಾರ ಅಲ್ವಂತಾ? ಹನ್ನೆರಡು ಆಳಿಗೆ ದಿನಾ ಮುದ್ದೆ ತೊಳಸಿದ್ದು ನಾನೋ, ಆ ಎಪ್ಪತ್ತೊಂದರವನೋ?" ಆಮೇಲೆ ತಟ್ಟನೆ ನೆನಪಾಯಿತು. "ಕಲ್ಲು ಹಾಕ್ಸಿದ್ರಲ್ಲೇ! ಹೆಸರು ಕೆತ್ತಿಸಿ ಕಲ್ಯಾಣಿ ಬಾಯಲ್ಲಿ ನಿಲ್ಸಿದ್ರು!"

ಸೋಮವಾರ ಬೆಳಿಗ್ಗೆ ಅತ್ತೆ, ನಾನು, ಗೆಳತಿಯ ಕ್ಯಾಮೆರಾ ಹಿಡಿದ ವಿದ್ಯಾ ಬಸ್ಸು ಹತ್ತಿದೆವು. ಅತ್ತೆಗೊಂದು ಸೀಟು ಸಿಕ್ಕಿತು, ಅದೂ ದೇವರ ದಯೆಯೇ. ಕಲ್ಯಾಣಿಯ ಸುತ್ತ ಎರಡು ಸಲ ತಿರುಗಿದರೂ ನಿಂತ ಕಲ್ಲು ಕಾಣಲಿಲ್ಲ. ಕೆಳಗೆ ನಮ್ಮ ಹಳೇ ನೆರೆಯವಳು ಮುನಿಯಮ್ಮ ಬಟ್ಟೆ ಒಗೆಯುತ್ತಿದ್ದಳು. ಅವಳನ್ನೇ ಕೇಳಿದೆ.

"ಏನಕ್ಕಾ, ಮರ್ತೋದ್ಯಾ?" ಎಂದು ನಕ್ಕಳು. "ನೀನು ಮದ್ವೆಯಾಗಿ ಬರೋಕೆ ಮುಂಚೇನೇ ಅದು ಮಳೆಗೆ ಬಿದ್ದೋಗಿತ್ತು. ಚಪ್ಪಟೆಯಾಗಿತ್ತಲ್ಲ, ನಾವೇ ಉರುಳಿಸ್ಕೊಂಡು ಬಂದು ಒಗೆಯೋಕೆ ಹಾಕ್ಕೊಂಡ್ವಿ. ಇಗೋ, ಇದೇಯಾ! ಒಂಬತ್ತು ವರ್ಷ ಇದರ ಮೇಲೆ ಬಡಿದೋಳು ನೀನೇ ತಾನೇ? ನೀನು ಒಗೆಯೋ ಸದ್ದು ಊರ ಬಾಗಿಲಿಗೆ ಕೇಳ್ತಿತ್ತು!"

ಬಗ್ಗಿ ಸೋಪಿನ ನೊರೆ ಸರಿಸಿ ಮುಟ್ಟಿದೆ. ಒಂದು ಮೂಲೆಯಲ್ಲಿ ಗೀರಿನಂಥದ್ದೇನೋ ಇತ್ತು. ಉಳಿದದ್ದೆಲ್ಲ ಬೆಣ್ಣೆಯಷ್ಟು ನುಣುಪು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಆ ಕಲ್ಲು ತರಿತರಿಯಾಗಿತ್ತು, ಕೊಳೆ ಬೇಗ ಬಿಡುತ್ತೆ ಎಂದು ಹೊಗಳುತ್ತಿದ್ದವಳೂ ನಾನೇ. ಹತ್ತನೇ ಕ್ಲಾಸು ಪಾಸಾಗಿದ್ದವಳು, ಒಂದು ದಿನವಾದರೂ ಆ ತರಿ ಏನೆಂದು ಬಗ್ಗಿ ನೋಡಬಾರದಿತ್ತೇ? ಮಾವನವರ ಹೆಸರನ್ನು ಮಾವನವರ ಪಂಚೆಯಿಂದಲೇ ಉಜ್ಜಿ ಅಳಿಸಿದ್ದೆ.

ಅತ್ತೆ ಮೆಲ್ಲಗೆ ಕೂತು ಕಲ್ಲಿನ ಮೇಲೆಲ್ಲ ಕೈಯಾಡಿಸಿದರು. ಬೈಯುತ್ತಾರೆಂದು ಕಾದೆ. "ಅವರ ಪಂಚೆ ಯಾವಾಗಲೂ ಬೆಳ್ಳಗಿರುತ್ತೆ ಅಂತ ಊರೇ ಹೇಳ್ತಿತ್ತು," ಎಂದರು. ಅವರ ತವರು ಶ್ರೀನಿವಾಸಪುರದ ಕಡೆ. ಮನಸ್ಸು ಮೆತ್ತಗಾದರೆ ತೆಲುಗು ಬರುತ್ತದೆ. "ಪೋನೀಲೇ. ಬಿಡು, ಹೋಗ್ಲಿ."

ಮನೆಗೆ ಬಂದು ಆ ಹಿರಿಯರಿಗೆ ನಿಜವನ್ನೇ ಬರೆದೆ: ಆಧಾರವಿತ್ತು, ನಾನೇ ಒಗೆದುಬಿಟ್ಟೆ. ಎರಡು ದಿನ ಬಿಟ್ಟು ಅವರು, "ಹೆಸರು ಹಾಕಲಾಗದು ತಾಯಿ. ಒಂದು ಹಳೆಯ ಪುಸ್ತಕದಲ್ಲಿ ಇಷ್ಟು ಸಿಕ್ಕಿತು," ಎಂದು ಬರೆದು, ಊರಿನ ಪುಟಕ್ಕೆ ಒಂದೇ ಸಾಲು ಸೇರಿಸಿದ್ದರು: 'ಊರಿನಲ್ಲಿ ಕಲ್ಲಿನ ಮೆಟ್ಟಿಲುಗಳುಳ್ಳ ಕಲ್ಯಾಣಿ ಇದೆ.' ಅತ್ತೆ ಅದನ್ನು ವಿದ್ಯಾಳಿಂದ ನಾಲ್ಕು ಸಲ ಓದಿಸಿದರು. "ಮೆಟ್ಟಿಲು ಅಂತ ಇದೆ ತಾನೇ? ಸಾಕು," ಎಂದರು.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆ ಪುಟವನ್ನು ಯಾರು ಯಾವಾಗ ಮುಟ್ಟಿದರು ಎನ್ನುವ ಪಟ್ಟಿಯೂ ಅಲ್ಲಿರುತ್ತದಂತೆ, ವಿದ್ಯಾ ತೋರಿಸಿದಳು. ಅದರಲ್ಲಿ ನನ್ನ ಹೆಸರು ಏಳು ಕಡೆ ಇದೆ, ಗಂಟೆ ನಿಮಿಷದ ಸಮೇತ. "ಇದನ್ನ ಮಾತ್ರ ಯಾರೂ ತೆಗೆಯಲ್ಲಮ್ಮ," ಎಂದಳು. ಕಟ್ಟಿಸಿದವರ ಹೆಸರು ಎಲ್ಲೂ ಇಲ್ಲ, ಉಜ್ಜಿದವಳದ್ದು ಭದ್ರವಾಗಿದೆ. ಅತ್ತೆಗೆ ಇದನ್ನು ಓದಿ ಹೇಳಬೇಡವೆಂದು ಅವಳಿಗೆ ಸನ್ನೆ ಮಾಡಿ, ಕಾಸಿದ ಹಾಲು ಉಗುರುಬೆಚ್ಚಗಾಗಿದೆಯೇ ಎಂದು ಬೆರಳಿಟ್ಟು ನೋಡಿ, ಹೆಪ್ಪು ಹಾಕಿದೆ.