ನಾಲ್ಕೂ ಗಾಲಿ ತಿರುಗಬೇಕೇ?

ನಮ್ಮ ಸೋದರಮಾವನ ರೇಸಿನ ಕಾರು ತನ್ನ ಜೀವಮಾನದಲ್ಲಿ ಎಲ್ಲಕ್ಕಿಂತ ಭರವಸೆಯಿಂದ ಓಡಿದ್ದು ಒಂದು ಜೋಡಿ ಎತ್ತಿನ ಹಿಂದೆ! ನಗಬೇಡಿ. ಆಳಂದ ತಾಲ್ಲೂಕಿನಲ್ಲಿ ಅಂಥ ಕಾರು ಕೊಂಡವನೂ ಅವನೊಬ್ಬನೇ, ಕೊಂಡ ಮೇಲೆ ಅದಕ್ಕೆ ನೊಗ ಹುಡುಕಿದವನೂ ಅವನೊಬ್ಬನೇ. ತಡೆಯಿರಿ, ನಾನು ಭೌತಶಾಸ್ತ್ರ ಓದಿದವನು. ಸಾಕ್ಷಿಯಿಲ್ಲದೆ ಮಾತಾಡಿದರೆ ನನಗೆ ಉಂಡ ಅನ್ನ ಕರಗುವುದಿಲ್ಲ. ತಾಲ್ಲೂಕಿನ ಕಾರುಗಳನ್ನೆಲ್ಲ ನಾನು ಎಣಿಸಿಲ್ಲ. ಎಣಿಸುವಷ್ಟು ಆಗ ಇರಲೂ ಇಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಗುಲಬರ್ಗಾದಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ಮಾವನಿಗೆ ನಿಂಬರ್ಗಾದಲ್ಲಿ ತೊಗರಿ, ಜೋಳದ ಹೊಲ. ನಮ್ಮ ಮನೆ ಭೀಮಾ ದಂಡೆಯ ಮಣ್ಣೂರು. ಇವೆರಡರ ನಡುವೆ ಗೊಬ್ಬೂರ, ಮತ್ತು ಗೊಬ್ಬೂರದ ಎರೆಮಣ್ಣು. ಈ ಪ್ರಬಂಧದ ಖಳನಾಯಕ ಅದೇ ಮಣ್ಣು. ಒಣಗಿದರೆ ಕಲ್ಲು, ನೆನೆದರೆ ಬೆಲ್ಲದ ಪಾಕ.

ಇಂಥ ನೆಲದ ಮೇಲೆ ಓಡಿಸಲು ನಮ್ಮ ಮಾವ ಸೋಲಾಪುರದಿಂದ ತಂದ ವಾಹನ ಯಾವುದು? ಎರಡೇ ಬಾಗಿಲು, ಎರಡೇ ಸೀಟು, ಮೊಸಳೆಯ ಮೂತಿ, ನೆಲದಿಂದ ಬರೀ ಒಂದು ಗೇಣು ಎತ್ತರ! ಎತ್ತಿನ ಬಂಡಿಯಡಿ ಸಲೀಸಾಗಿ ತೂರಿ ಹೋಗುತ್ತಿದ್ದ ನಿಂಬರ್ಗಾದ ಕೋಳಿಗಳು ಈ ಕಾರಿನ ಹತ್ತಿರ ಬಂದರೆ ಅವಮಾನವಾದಂತೆ ಸುತ್ತು ಹಾಕಿ ಹೋಗುತ್ತಿದ್ದವು. ಬಣ್ಣ ಕೆಂಪು. ಕೆಂಪೆಂದೇ ನನ್ನ ನೆನಪು. ಅವ್ವ ಮಾತ್ರ ಬದನೆಕಾಯಿ ಬಣ್ಣ ಎನ್ನುತ್ತಾಳೆ. ಇಬ್ಬರಲ್ಲಿ ಒಬ್ಬರು ತಪ್ಪು. ವಯಸ್ಸು ನೋಡಿದರೆ ಅವ್ವ, ಸ್ವಭಾವ ನೋಡಿದರೆ ನಾನು.

ಅವನು ಕಾರು ಕೊಂಡ ರೀತಿಯನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಹಳೇ ಗಾಡಿಗಳ ಅಂಗಳದಲ್ಲಿ ಅವನು ಇಂಜಿನ್ ನೋಡಲಿಲ್ಲ, ಓಡಿಸಿ ನೋಡಲಿಲ್ಲ. ಜೇಬಿನಿಂದ ಒಂದು ಗಂಟು ಹಾಕಿದ ಸುತಳಿ ತೆಗೆದ. ಒಂದು ತುದಿಯನ್ನು ಎಡಗಡೆಯ ಸೀಟಿನ ಬೆನ್ನಿಗೆ ಒತ್ತಿ ಹಿಡಿದು, ಉಳಿದದ್ದನ್ನು ಮುಂದಕ್ಕೆ ಎಳೆದು, ಗಂಟು ಎಲ್ಲಿ ಬರುತ್ತದೆ ನೋಡಿ, ತಲೆಯಾಡಿಸಿ ಮುಂದಿನ ಕಾರಿಗೆ ಹೋದ. ಹೀಗೆ ಹನ್ನೊಂದೋ ಹನ್ನೆರಡೋ ಕಾರು. ನಾನು ನಾಚಿಕೆಯಿಂದ ಎರಡು ಕಾರು ದೂರ ನಿಂತಿದ್ದೆ. ಮಾರುವವನಿಗೆ ತಡೆಯಲಾಗಲಿಲ್ಲ.

"ಗೌಡ್ರೇ, ಗಾಡಿ ಅಳೀತೀರೋ, ಗೋರಿ ಅಳೀತೀರೋ?"

"ಸುಮ್ನಿರಪ್ಪಾ, ಗಂಟು ತಪ್ಪತದ," ಎಂದ ಮಾವ. ಕೊನೆಗೆ ಈ ಮೊಸಳೆಯೊಳಗೆ ಗಂಟು ಪೂರ್ತಿ ಹಿಡಿಸಿತು. "ಇದ!" ಎಂದ. ಅಷ್ಟೇ ಪರೀಕ್ಷೆ.

ಈಗ ಅವ್ವನ ಕಾಲಿನ ವಿಷಯ ಹೇಳಬೇಕು. ಅದಕ್ಕೂ ಎರಡು ವರ್ಷ ಹಿಂದೆ ಅವ್ವ ಬಾವಿಯ ಮೆಟ್ಟಿಲಲ್ಲಿ ಜಾರಿ ಬಿದ್ದಿದ್ದಳು. ಎಲುಬು ಕೂಡಿತು, ಬಲಮೊಣಕಾಲು ಮಾತ್ರ ಮತ್ತೆ ಮಡಚಲಿಲ್ಲ. ಕೂತರೂ ಕಾಲು ಒನಕೆಯಂತೆ ಮುಂದಕ್ಕೆ ಚಾಚಿಯೇ ಇರಬೇಕು. ಬಸ್ಸಿನಲ್ಲಿ ಎಲ್ಲರೂ ಅದನ್ನು ಎಡವಿ, ಅವ್ವ ಎಲ್ಲರ ಕ್ಷಮೆ ಕೇಳಿ ಕೇಳಿ ಬಸ್ಸು ಹತ್ತುವುದನ್ನೇ ಬಿಟ್ಟಳು. ಬಂಡಿಯಲ್ಲಿ ಅಷ್ಟು ದೂರ ಕುಲುಕಿಸಿದರೆ ನೋವು. ಹಾಗಾಗಿ ಮದುವೆಯಾದ ಮೇಲೆ ಮೊದಲ ಸಲ ಅವಳಿಗೆ ನಾಗರ ಪಂಚಮಿಯ ತವರು ತಪ್ಪಿತು. ನಮ್ಮ ಕಡೆ ಪಂಚಮಿಗೆ ಹೆಣ್ಣುಮಗಳು ತಾನಾಗಿ ತವರಿಗೆ ಹೋಗುವುದಿಲ್ಲ, ಅಣ್ಣನೋ ತಮ್ಮನೋ ಬಂದು ಕರೆದೊಯ್ಯಬೇಕು. ಅವ್ವನಿಗಿದ್ದವನು ಇವನೊಬ್ಬ ತಮ್ಮ.

ಸುತಳಿಗೂ ಅವ್ವನ ಕಾಲಿಗೂ ಸಂಬಂಧವಿದೆಯೆಂದು ನೀವು ಆಗಲೇ ಊಹಿಸಿರಬೇಕು. ನಾನು ಊಹಿಸಿರಲಿಲ್ಲ. ಎಂ.ಎಸ್ಸಿ. ಓದುತ್ತಿದ್ದೆನಲ್ಲ!

ಕಾರು ಬಂದ ವರ್ಷದ ಪಂಚಮಿಗೆ ಮಾವ ಹೊರಟ. ಗೊಬ್ಬೂರದ ಹತ್ತಿರ ಕಾರು ಕೆಸರಿನಲ್ಲಿ ಹೂತುಕೊಂಡಿತು. ಹಿಂದಿನ ಎರಡು ಗಾಲಿ ಗರಗರ ತಿರುಗಿ ಬಾವಿ ತೋಡಿದವು. ಮುಂದಿನ ಎರಡು ಮದುವೆಗೆ ಬಂದ ಬೀಗರ ಹಾಗೆ ಸುಮ್ಮನೆ ಕೂತು ನೋಡಿದವು. ಅವ್ವ ಬೆಳಿಗ್ಗೆಯಿಂದ ಬಟ್ಟೆಯ ಗಂಟು ಕಟ್ಟಿಕೊಂಡು ಕಟ್ಟೆಯ ಮೇಲೆ ಕಾಲು ಚಾಚಿ ಕಾಯುತ್ತಿದ್ದಳು. ಮಾವ ಬಂದದ್ದು ಮರುದಿನ, ನಡೆದುಕೊಂಡು, ಸೊಂಟದವರೆಗೆ ಕೆಸರು ಮೆತ್ತಿಕೊಂಡು.

"ಅಕ್ಕಾ, ಗಾಡಿ ಬಂದದ ಬೇ. ಗೊಬ್ಬೂರ ತನಕ ಬಂದದ."

"ನಾ ಮಣ್ಣೂರದಾಗ ಇದ್ದೇನಲ್ಲೋ ತಮ್ಮಾ!"

ಇಬ್ಬರೂ ನಕ್ಕರು. ಆಮೇಲೆ ಅವ್ವ ಅವನ ಕಾಲಿಗೆ ನೀರು ಕೊಡಿಸಿ, ಒಳಗೆ ಹೋಗಿ, ಗಂಟು ಬಿಚ್ಚಿ ಸೀರೆಗಳನ್ನು ಟ್ರಂಕಿಗೆ ಹಾಕಿದಳು. ಮುಚ್ಚಳ ಬಿದ್ದ ಸದ್ದು ಹೊರಗೆ ಕೇಳಿಸಿತು. ನನ್ನ ನೆನಪುಗಳಲ್ಲಿ ನಾನು ಅನುಮಾನಿಸದೆ ಬಿಟ್ಟದ್ದು ಆ ಸದ್ದೊಂದನ್ನೇ.

ಮಾವನ ತಲೆಗೆ ನಾಲ್ಕು ಗಾಲಿಯ ಹುಳ ಬಿಟ್ಟವನು ಕಾರನ್ನು ಕೆಸರಿನಿಂದ ಎಳೆದು ಕೊಟ್ಟ ಗೊಬ್ಬೂರದ ಎತ್ತಿನವನು. "ಗೌಡ್ರೇ, ನನ್ನ ಎತ್ತು ನಾಕೂ ಕಾಲೂರಿ ಎಳೀತಾವ. ನಿಮ್ಮ ಗಾಡಿ ಹಿಂದಿನ ಎರಡ ಕಾಲಾಗ ಒದ್ಯಾಡತದ. ಮುಂದಿನವೇನು ನೋಡೋರಿಗಿ ತೋರಸಾಕ ಇಟ್ಟೀರೇನು?"

ಆಯಿತಲ್ಲ! ಮುಂದಿನ ಗಾಲಿಗಳಿಗೂ ಇಂಜಿನ್ನಿನ ಬಲ ಕೊಡಬೇಕೇ, ಬೇಡವೇ? ಒಂದು ವರ್ಷ ನಮ್ಮ ವಂಶದಲ್ಲಿ ಬೇರೆ ಮಾತೇ ಇರಲಿಲ್ಲ. ಜೇವರ್ಗಿಯಲ್ಲಿ ಒಬ್ಬರ ಹಿತ್ತಲಲ್ಲಿ ಹರಾಜಿನ ಮಿಲಿಟರಿ ಜೀಪು ಬಿದ್ದಿದೆ, ಅದರ ಮುಂದಿನ ಎಕ್ಸಲ್ ಮತ್ತು ಗೇರಿನ ಡಬ್ಬಿ ಇದಕ್ಕೆ ಹೊಂದುತ್ತವೆ ಎಂದು ಸುದ್ದಿ ಬಂತು. ಮಾವ ಅದನ್ನು ಹೆಣ್ಣು ನೋಡಲು ಹೋದ ಹಾಗೆ ನೋಡಲು ಹೋದ. ನೋಡಿದ, ಮಂಡಕ್ಕಿಯ ಸುಸಲಾ ತಿಂದ, ಚಹಾ ಕುಡಿದ, "ಮನ್ಯಾಗ ಕೇಳಿ ಹೇಳ್ತೇನ್ರಿ" ಎಂದು ಎದ್ದು ಬಂದ. ಮೂರನೇ ಸಲ ಹೋದಾಗ ಜೇವರ್ಗಿಯವರು ಸುಸಲಾ ಕೊಡುವುದನ್ನು ನಿಲ್ಲಿಸಿದ್ದರು.

ನನ್ನ ಅಭಿಪ್ರಾಯವನ್ನೂ ಕೇಳಿದ. ನಾನು ಹುರುಪಿನಿಂದ ಗೋಡೆಯ ಮೇಲೆ ಇದ್ದಿಲಿನಿಂದ ಚಿತ್ರ ಬರೆದು, ಭಾರ, ಘರ್ಷಣೆ, ಬಲ ಎಂದು ಬಾಣಗಳನ್ನು ಎಳೆದು, ನಾಲ್ಕೂ ಗಾಲಿ ತಿರುಗಲೇಬೇಕು ಎಂದು ಸಿದ್ಧಮಾಡಿ ತೋರಿಸಿದೆ. ಮಾವ ಬಹಳ ಹೊತ್ತು ನೋಡಿದ.

"ಅಳಿಯಾ, ಈ ಚಿತ್ರದಾಗ ಎರೆಮಣ್ಣು ಎಲ್ಲದ?"

ಎರೆಮಣ್ಣು ನಮ್ಮ ಪಠ್ಯದಲ್ಲಿರಲಿಲ್ಲ.

ನಡುವೆ ಅವನದೇ ಒಂದು ಪ್ರಯೋಗ ನಡೆಯಿತು. ಮೊದಲ ಮಳೆಗೆ ನಿಂಬರ್ಗಾದ ಕೆಸರಿನ ಮೇಲೆ ಉದ್ದಕ್ಕೂ ಜೋಳದ ಕಣಕಿ, ಅಂದರೆ ಒಣಗಿದ ದಂಟು, ಹಾಸಿದ. ಗಾಲಿಗೆ ಹಿಡಿತ ಸಿಗುತ್ತದೆಯಂತೆ. ಹಾಸಿ, ಕೈ ತೊಳೆದು, ಕಾರು ತರಲು ಮನೆಗೆ ಹೋದ. ಕಾರು ಚಾಲೂ ಆಗಲು ಎಂದಿನಂತೆ ಹೊತ್ತು ಹಿಡಿಯಿತು. ತಿರುಗಿ ಬರುವಷ್ಟರಲ್ಲಿ ಓಣಿಯ ಎಮ್ಮೆಗಳು ರಸ್ತೆಯನ್ನು ತಿಂದು ಮುಗಿಸಿದ್ದವು! ಕೊನೆಯ ಎಮ್ಮೆಯ ಬಾಯಲ್ಲಿ ಇನ್ನೂ ಒಂದು ಮೊಳ ರಸ್ತೆ ಇತ್ತಂತೆ. ಇದನ್ನು ನಾನು ಕಂಡಿಲ್ಲ. ಆದರೂ ಕಂಡ ಹಾಗೇ ನೆನಪಿದೆ. ಇದಕ್ಕೇ ನೆನಪನ್ನು ನಂಬಬಾರದು ಎನ್ನುವುದು.

ಮರುವರ್ಷದ ಪಂಚಮಿಗೆ ಹದಿನೈದು ದಿನವಿದ್ದಾಗ ಮಾವ ನನ್ನನ್ನು ಕರೆದುಕೊಂಡು ಆಳಂದದ ಗ್ಯಾರೇಜಿಗೆ ಹೋದ. ಅಲ್ಲಿಯ ಖಾಜಾ ಮಿಸ್ತ್ರಿ ಪಾನಾ ಕೆಳಗಿಟ್ಟು, ಗೊಬ್ಬೂರದ ಕೆಸರು, ಎತ್ತು, ಜೇವರ್ಗಿಯ ಜೀಪಿನ ಕಥೆಯನ್ನೆಲ್ಲ ಕೇಳಿ, ಕಾರನ್ನು ಸುತ್ತ ನೋಡಿದ.

"ಫಿಕರ್ ಬಿಡ್ರಿ ಗೌಡ್ರೇ. ಜೀಪಿನ ಎಕ್ಸಲ್ ಕೂಡಸ್ತೇನಿ, ಗಾಡಿ ಮೊಳ ಎತ್ತರ ಮಾಡ್ತೇನಿ. ಎರೆಮಣ್ಣು ಏನು, ಭೀಮಾ ಹೊಳೀನ ದಾಟಸ್ತೇನಿ!"

"ನಾಕೂ ಗಾಲಿ ತಿರಗ್ತಾವ?"

"ನಾಕೂ. ನೀವು ಹೂಂ ಅಂದ್ರ ಸ್ಟೆಪ್ನೀನೂ ತಿರಗಸ್ತೇನಿ."

ಮಾವ ನಗಲಿಲ್ಲ. "ಆ ಗೇರಿನ ಡಬ್ಬಿ ಎಲ್ಲಿ ಕೂಡತದ?"

ಮಿಸ್ತ್ರಿ ಎಡಗಡೆಯ ಬಾಗಿಲು ತೆಗೆದು, ಸೀಟಿನ ಮುಂದೆ, ಕಾಲಿಡುವ ಜಾಗದಲ್ಲಿ ಸುಣ್ಣದ ಕಡ್ಡಿಯಿಂದ ಒಂದು ಚೌಕ ಬರೆದ. ಮಾವ ಜೇಬಿಗೆ ಕೈ ಹಾಕಿದ. ಅದೇ ಸುತಳಿ! ತುದಿಯನ್ನು ಸೀಟಿನ ಬೆನ್ನಿಗೆ ಒತ್ತಿ ಮುಂದಕ್ಕೆ ಎಳೆದ. ಗಂಟು ಚೌಕದ ಗೆರೆ ದಾಟಿ ಒಂದು ಗೇಣು ಒಳಗೆ ಹೋಗಿ ಬಿತ್ತು. ಮತ್ತೊಮ್ಮೆ ಎಳೆದ. ಅಲ್ಲೇ ಬಿತ್ತು.

"ಡಬ್ಬಿ ಬಲಕ್ಕ ಸರಸಾಕ ಬರಂಗಿಲ್ಲೇನು ಮಿಸ್ತ್ರಿ?"

"ಬಲಕ್ಕ ನಿಮ್ಮ ಕಾಲು ಅದಾವಲ್ರಿ. ಬ್ರೇಕ್ ಯಾರು ಒತ್ತಬೇಕು?"

ಮಾವ ಸುತಳಿ ಸುತ್ತಿ ಜೇಬಿಗಿಟ್ಟ. "ಬ್ಯಾಡ ಬಿಡು."

ನನಗೆ ರೇಗಿತು. ಒಂದು ವರ್ಷದ ಚರ್ಚೆ, ನನ್ನ ಗೋಡೆಯ ಚಿತ್ರ, ಎಲ್ಲ ವ್ಯರ್ಥವೇ? "ಮಾವಾ, ನಾಕೂ ಗಾಲಿ ತಿರಗಲಿಲ್ಲಂದ್ರ ಗಾಡಿ ಮಣ್ಣೂರ ಮುಟ್ಟಂಗಿಲ್ಲ!"

"ಗಾಡಿ ಮುಟ್ಟಿ ಏನು ಮಾಡ್ಬೇಕೋ ಅಳಿಯಾ, ಅಕ್ಕಗ ಕಾಲು ಚಾಚಾಕ ಜಗಾ ಇಲ್ಲಂದ ಮ್ಯಾಲೆ?"

ಸೋಲಾಪುರದ ಅಂಗಳ, ಗಂಟು, ಗೋರಿಯ ಮಾತು, ಎಲ್ಲ ನನಗೆ ಆಗ ಒಟ್ಟಿಗೆ ತಿಳಿಯಿತು. ಮಿಸ್ತ್ರಿಗೆ ನನಗಿಂತ ಮೊದಲೇ ತಿಳಿದಿತ್ತೆಂದು ಕಾಣುತ್ತದೆ. ಅವನು ತನ್ನ ತೋಳಿನಿಂದಲೇ ಸುಣ್ಣದ ಗೆರೆ ಒರೆಸಿದ. "ನಮ್ಮ ಆಪಾಗೂ ಮೊಣಕಾಲಿಂದ ಭಾಳ ಹೈರಾಣ ಅದ್ರಿ," ಎಂದ ತನ್ನ ಅಕ್ಕನನ್ನು ನೆನೆದು. "ಗೊಬ್ಬೂರದಾಗ ಎತ್ತು ಅದಾವಲ್ರಿ ಗೌಡ್ರೇ? ಗಾಲಿ ಹಂಗೇ ಇರಲಿ. ಮುಂದ ಒಂದು ಗಟ್ಟಿ ಕೊಂಡಿ ಬೆಸದು ಕೊಡ್ತೇನಿ."

ಹೀಗೆ ಒಂದು ವರ್ಷದ ಮಹಾಚರ್ಚೆಯ ಫಲವಾಗಿ ಆ ಕಾರಿಗೆ ಕೂಡಿದ್ದು ಒಂದು ಕೊಂಡಿ!

ಪಂಚಮಿಯ ಮುಂಜಾನೆ ಎತ್ತಿನವನು ಗೊಬ್ಬೂರದಲ್ಲಿ ಹಗ್ಗ ಹಿಡಿದು ಕಾದಿದ್ದ. ಹೋಗುವಾಗ ಒಮ್ಮೆ ಎಳೆದು ದಾಟಿಸಿದ. ಮಾವ ಮಣ್ಣೂರಿಗೆ ಬಂದು, ಅವ್ವನನ್ನು ಕೂಡಿಸಿಕೊಂಡು ಮರಳಿದಾಗಲೂ ಅಲ್ಲೇ ಇದ್ದ. ಮಾವ ಅವಸರದಿಂದ ಇಂಜಿನ್ ಚಾಲೂ ಇಟ್ಟುಕೊಂಡೇ ಕೆಸರಿಗಿಳಿಯಲು ಹೋದರೆ ತಡೆದ.

"ಬಂದ್ ಮಾಡ್ರಿ ಗೌಡ್ರೇ! ಪಂಚಮಿ ದಿನ ನೆಲ ಅಗೀಬಾರದು, ನಾಗಪ್ಪ ಇರ್ತಾನ. ಅದಕ್ಕ ನಾವು ನೇಗಿಲ ಹೂಡಿಲ್ಲ, ಎತ್ತು ಖಾಲಿ ಅದಾವ. ನಿಮ್ಮ ಗಾಲಿ ನೆಲ ಅಗೀತಾವ."

ಹಬ್ಬದ ದಿನ ನೆಲಕ್ಕೆ ನೋವಾಗದಂತೆ ಕಾರು ಹೊರಟಿತು. ನಾಲ್ಕು ಗಾಲಿಯ ಬದಲು ಎಂಟು ಕಾಲು. ಒಳಗಿನಿಂದ ಅವ್ವ ನಗುತ್ತಿದ್ದಳು. "ತಮ್ಮಾ, ಎತ್ತಿಗಿ ಹಾರ್ನ್ ಹೊಡಿ ಬೇಕಾದ್ರ!" ಎಂದಳು.

ಇಷ್ಟೆಲ್ಲ ಬರೆದ ಮೇಲೆ ನನಗೊಂದು ಅನುಮಾನ ಹತ್ತಿತು. ಕಾರಿಗಿದ್ದದ್ದು ಎರಡೇ ಸೀಟು. ಮಾವ ಒಂದರಲ್ಲಿ, ಅವ್ವ ಒಂದರಲ್ಲಿ. ಹಾಗಾದರೆ ನಾನೆಲ್ಲಿದ್ದೆ? ಅಂದು ಅವ್ವನ ಮುಖ ಹೇಗಿತ್ತೆಂದು ಎಷ್ಟು ನೆನೆದರೂ ಕಾಣುವುದಿಲ್ಲ, ನಗು ಮಾತ್ರ ಕೇಳಿಸುತ್ತದೆ. ಇದೂ ಎಮ್ಮೆಯ ಕಥೆಯ ಹಾಗೆಯೇ? ಅವ್ವನನ್ನೇ ಕೇಳಿದೆ.

"ನೀ ಎಲ್ಲಿದ್ದಿ ಅಂದ್ರ? ಹಿಂದಿಂದ ದೂಡಾಕತ್ತಿದ್ದಿ! ನಿನ್ನ ಮೋತಿ ತುಂಬ ಕೆಸರು."

ಮಾವ ಈಗಿಲ್ಲ. ಸುತಳಿ ಅವ್ವನ ಟ್ರಂಕಿನಲ್ಲಿದೆ. ಮೊನ್ನೆ ಅದನ್ನು ತೆಗೆದುಕೊಂಡು, ಗೋಡೆಗೊರಗಿ ಕೂತ ಅವ್ವನ ಬೆನ್ನಿನಿಂದ ಹಿಮ್ಮಡಿಯವರೆಗೆ ಎಳೆದು ನೋಡಿದೆ. ಓದಿದ ಬುದ್ಧಿ, ಪರೀಕ್ಷಿಸದೆ ಬಿಡುವುದಿಲ್ಲ. ಗಂಟು ಹಿಮ್ಮಡಿಗೆ ಬರಲಿಲ್ಲ. ನಾಲ್ಕು ಬೆರಳು ಆಚೆಗೆ ಬಿತ್ತು.

"ಅವ್ವಾ, ಮಾವ ತಪ್ಪು ಅಳದಾನ," ಎಂದೆ. ಗೆದ್ದ ದನಿಯಲ್ಲಿಯೇ ಎಂದಿರಬೇಕು.

ಅವ್ವ ಸುತಳಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ಮಡಚಿ, ಮಡಿಲಲ್ಲಿಟ್ಟುಕೊಂಡಳು.

"ತಪ್ಪಲ್ಲೋ. ಕಾಲುಂಗರ ಬಡೀಬಾರದಂತ ನಾಕು ಬೆರಳು ಹೆಚ್ಚಿಗಿ ಹಿಡದಿದ್ದ."